ಪ್ರಶ್ನಾವಳಿಯ ಮುಂದಿನ ಮೌನ

ಉಪಭಾಷಾ ಅಧ್ಯಯನಗಳ ಪ್ರಶ್ನಾವಳಿ ಪದ್ಧತಿಯ ಬಗೆಗೆ ನಮ್ಮ ಮುಖ್ಯ ಆಕ್ಷೇಪವೆಂದರೆ, ಅದು ಭಾಷಿಕರ ಹಿಂಜರಿಕೆಯನ್ನು ರೂಪದ ಅಭಾವವೆಂದು ದಾಖಲಿಸುತ್ತದೆ. ಮಸ್ಕಿ ಸೀಮೆಯ ರೈತರನ್ನು ‘ಹೋಗಿದ್ದಾನೆ’ ಎಂಬುದಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಕೇಳಿದರೆ, ಕಾಗದ ಹಿಡಿದವರಿಗೆ ಸಲ್ಲುವ ಪಠ್ಯಪುಸ್ತಕದ ರೂಪವೇ ಹಿಂದಿರುಗುವ ಸಂಭವ ಹೆಚ್ಚು. ಮಗನೆಲ್ಲಿ ಎಂದು ವಿಚಾರಿಸಿದರೆ ‘ಹೊಲಕ್ಕ ಹೋಗ್ಯಾನ್ರೀ’ ತಾನಾಗಿಯೇ ಬರುತ್ತದೆ. ಗ್ರಿಯರ್ಸನ್ನರ ಸಮೀಕ್ಷೆ ಹೈದರಾಬಾದ್ ಸಂಸ್ಥಾನವನ್ನು ಒಳಗೊಳ್ಳಲಿಲ್ಲವಾದ್ದರಿಂದ, 1956ರವರೆಗೆ ಹೈದರಾಬಾದಿನೊಡನಿದ್ದ ಈ ಭಾಗಕ್ಕೆ ಆ ಹಳೆಯ ಮಾದರಿಪಾಠಗಳ ಆಸರೆಯೂ ಇಲ್ಲ.

ಲೆಬೋವ್ ಅವರ 1966ರ ನ್ಯೂಯಾರ್ಕ್ ಅಧ್ಯಯನದ ಉಪಾಯ ಪ್ರಸಿದ್ಧವಾದುದು: ಸಾವಿನ ಅಂಚಿಗೆ ಹೋಗಿ ಬಂದ ಪ್ರಸಂಗವನ್ನು ಕೇಳುವುದು, ಕಥನದ ಆವೇಗದಲ್ಲಿ ಧ್ವನಿಮುದ್ರಕ ಮರೆತುಹೋಗುತ್ತದೆಂಬ ನಿರೀಕ್ಷೆ. ನಮ್ಮ ಸಂಶೋಧನೆಗಳು ಇದನ್ನು ಮಂತ್ರದಂತೆ ಎರವಲು ಪಡೆಯುವುದು ಸಮಂಜಸವಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಕಾರ್ಮಿಕರಿಗೆ ಆ ಪ್ರಶ್ನೆ ಅಪಘಾತದ ವಿಚಾರಣೆಯಂತೆ ಕೇಳಿಸೀತು. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ, ಅದು ನೆಲ ತೊರೆದ ದಿನಗಳ ಪ್ರಶ್ನೆ. ‘ಮನೆಯಲ್ಲಿ ಯಾವ ಭಾಷೆ?’ ಎಂಬ ಸಾಧುವಾದ ಪ್ರಶ್ನೆಯ ಮೇಲೂ ಅಲ್ಲಿ ಪೌರತ್ವದ ಕಾಗದಗಳ ನೆರಳಿದೆ. ವಿಶ್ವವಿದ್ಯಾಲಯದ ಗುರುತಿನ ಚೀಟಿ ತೋರಿಸಿದರೆ ಭಯ ಕಡಿಮೆಯಾಗುತ್ತದೆಂದು ನಂಬುವವರು ಆ ಚೀಟಿಯನ್ನು ಕೇಳುಗರ ಕಣ್ಣಿನಿಂದ ನೋಡಿರಲಾರರು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಸರದಿಯ ಮಾತೆತ್ತಿದರೆ ಸಾವಿನ ಪ್ರಸಂಗ ಬೇಕಾಗದು. ಜಗಳದ ಭಾಷೆ ಹರಿಯುತ್ತದೆ. ಅದಕ್ಕೂ ಬಾಯಿ ಬಿಡದವರಿರುತ್ತಾರೆ. ಅಂಥಲ್ಲಿ ‘ರೂಪವಿಲ್ಲ’ ಎಂಬುದಕ್ಕೂ ‘ಹೇಳಲಿಲ್ಲ’ ಎಂಬುದಕ್ಕೂ ದತ್ತಾಂಶದಲ್ಲಿ ಪ್ರತ್ಯೇಕ ಸಂಕೇತಗಳಿರಬೇಕು. ಕೇಳಿದವರು ಯಾರು, ಯಾವ ಭಾಷೆಯಲ್ಲಿ, ಯಾರೆದುರು ಕೇಳಿದರು ಎಂಬುದೂ ಅದೇ ಸಾಲಿನಲ್ಲಿ ನಮೂದಾಗಬೇಕು.