ಶಾರೀರವೂ ಶರೀರವೂ: ಅಮೀರಬಾಯಿ ಕರ್ನಾಟಕಿ

ಗಾಯಕಿಯು ಚಿತ್ರನಟಿಯಾದಳೆಂದರೆ ಮೇಲಿನ ಮೆಟ್ಟಿಲೊಂದನ್ನು ಏರಿದಳೆಂದು ಭಾವಿಸುವುದು ವಾಡಿಕೆ. ಬೀಳಗಿಯ ಅಮೀರಬಾಯಿ ಕರ್ನಾಟಕಿಯ ಕಲಾಜೀವನಕ್ಕೆ ಈ ಅಳತೆಗೋಲು ಸಲ್ಲದು.

ಅಭ್ಯಾಸವಿಲ್ಲದೆಯೂ ರಾಗವನ್ನು ಪ್ರಕಾಶಪಡಿಸಬಲ್ಲ ಕಂಠಗುಣವನ್ನು ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ 'ಶಾರೀರ'ವೆಂದು ಕರೆದು, ಶರೀರದೊಡನೆ ಹುಟ್ಟುವುದರಿಂದಲೇ ಅದಕ್ಕೆ ಆ ಹೆಸರೆಂದಿರುವನು. ನಾಟಕ ಕಂಪೆನಿಗಳಲ್ಲಿ ಇವೆರಡೂ ಅಗಲಿರಲಿಲ್ಲ, ಹಾಡುವವಳೇ ನಟಿ. ಬಾಲಗಂಧರ್ವರೊಡನೆ ರಂಗವೇರಿದ ಗೋಹರಬಾಯಿ ಈಕೆಯ ಅಕ್ಕ. ಅಮೀರಬಾಯಿಯೂ ಆ ಪರಂಪರೆಯಲ್ಲಿಯೇ ಬೆಳೆದು, 1934ರ 'ವಿಷ್ಣುಭಕ್ತಿ' ಎಂಬ ವಾಕ್ಚಿತ್ರದಿಂದ ತೆರೆಗೆ ಬಂದಳು.

ಮರುವರ್ಷವೇ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯು ಹಿನ್ನೆಲೆಗಾಯನದ ಪದ್ಧತಿಯನ್ನು ಬಳಕೆಗೆ ತಂದಿತು. ಅಲ್ಲಿಂದ ಮುಂದೆ ಶಾರೀರವು ಒಬ್ಬರದು, ಶರೀರವು ಇನ್ನೊಬ್ಬರದು. 1943ರ 'ಕಿಸ್ಮತ್' ಚಿತ್ರದಲ್ಲಿ ತೆರೆಯ ಮೇಲೆ ಕಾಣುವವಳು ಮುಮ್ತಾಜ್ ಶಾಂತಿ. ಕೇಳುವ ಕಂಠವು ಅಮೀರಬಾಯಿಯದು. ಆ ಚಿತ್ರವು ಕಲ್ಕತ್ತೆಯ ರಾಕ್ಸಿ ಮಂದಿರದಲ್ಲಿ ಮೂರು ವರ್ಷಗಳಿಗೂ ಮಿಕ್ಕು ನಡೆಯಿತು. ತಾನೇ ಪಾತ್ರವಹಿಸಿದ ಚಿತ್ರಗಳು ಹಲವಿದ್ದರೂ, ಹೆಚ್ಚಿನ ಕೀರ್ತಿಯನ್ನು ತಂದುದು ಮುಖ ಕಾಣದ ಆ ಹಾಡುಗಳೇ.

ನಟಿಯು ಇದರಿಂದ ನಷ್ಟವಾದಳೆ? ಅನಿಲ್ ಬಿಸ್ವಾಸರು ಸ್ವರ ಸಂಯೋಜಿಸಿದ ಎರಡು ಹಾಡುಗಳನ್ನು ಹೋಲಿಸಬಹುದು. ಮೋಡವನ್ನು ಮೆಲ್ಲನೆ ಬಾರೆಂದು ಬೇಡುವ ಹಾಡಿನಲ್ಲಿ ಧ್ವನಿಯು ಪಿಸುಮಾತಿಗೆ ಇಳಿಯುವುದು. ಖಾನ್ ಮಸ್ತಾನರೊಡನೆ ಹಾಡಿದ ದೇಶಭಕ್ತಿಗೀತದಲ್ಲಿ ಅದೇ ಧ್ವನಿಯು ಪರರನ್ನು ದೂರ ಸರಿಸುವ ಗರ್ಜನೆಯಾಗುವುದು. ಶರೀರವು ಮರೆಯಾದರೂ ಅಭಿನಯವು ಕಂಠದಲ್ಲಿ ಉಳಿಯಿತು.

ಜೆಪ್ಪುವಿನಿಂದ ಬಯಲಾಟಕ್ಕೆ ಹೋಗುವ ರಸಿಕರಿಗೆ ಇದು ಹೊಸತಲ್ಲ. ಯಕ್ಷಗಾನದಲ್ಲಿ ಹಾಡು ಭಾಗವತನದು, ಕುಣಿತವು ವೇಷಧಾರಿಯದು. ಆದರೆ ಭಾಗವತನು ರಂಗದ ಮೇಲೆಯೇ ಕುಳಿತು, ಎಲ್ಲರ ಕಣ್ಣೆದುರಿನಲ್ಲಿ ಆಟವನ್ನು ನಡೆಯಿಸುವನು. ಆದುದರಿಂದ ದೋಷವು ಕಂಠವನ್ನು ಬೇರ್ಪಡಿಸಿದುದರಲ್ಲಿಲ್ಲ. ಕಂಠದ ಒಡತಿಯನ್ನು ಮರೆಮಾಡಿದುದರಲ್ಲಿದೆ.

1948ರ 'ಶಹನಾಜ್' ಚಿತ್ರಕ್ಕೆ ಅಮೀರಬಾಯಿ ತಾನೇ ಸಂಗೀತ ನಿರ್ದೇಶಕಿಯಾದಳು. ಸ್ತ್ರೀಯರಿಗೆ ಆ ಪೀಠವು ಅಂದು ತೀರ ವಿರಳ. ವಿಜಾಪುರದಲ್ಲಿ ತನ್ನ ಹೆಸರಿನ ಚಿತ್ರಮಂದಿರವನ್ನೂ ಕಟ್ಟಿಸಿ, 1965ರಲ್ಲಿ ತೀರಿಕೊಂಡಳು. ರಹಮತ್ ತರೀಕೆರೆಯವರು ಈಕೆಯ ಚರಿತ್ರೆಯನ್ನು ಕನ್ನಡದಲ್ಲಿ ಬರೆದು ಉಪಕರಿಸಿದ್ದಾರೆ.

ಮುಂಬಯಿಯ ಚಿತ್ರಲೋಕದಲ್ಲಿದ್ದೂ ಆಕೆ 'ಕರ್ನಾಟಕಿ' ಎಂಬ ಹೆಸರನ್ನು ಬಿಡಲಿಲ್ಲ. ಆ ಹಾಡುಗಳನ್ನು ಕೇಳುವಾಗ ಕನ್ನಡಿಗರು ಹಾಡಿದವಳ ಹೆಸರನ್ನು ಹೇಳಿ ಕೇಳಿದರೆ, ಆ ನಿಷ್ಠೆಗೆ ತಕ್ಕ ಮರ್ಯಾದೆಯು ಸಂದಂತಾಗುವುದು.