ಅಲ್ಪವಿರಾಮ ಸರಿ, ಆಕರ ಎಲ್ಲಿ?

ಸಂಶೋಧನ ಲೇಖನವೊಂದರ ಅಡಿಟಿಪ್ಪಣಿಯಲ್ಲಿ ‘ಎ.ಕ., ಸಂ. 9, ಸಂ. 71’ ಎಂದಿದೆ ಅಂದುಕೊಳ್ಳಿ. ಮೊದಲನೆಯ ‘ಸಂ.’ ಸಂಪುಟ, ಎರಡನೆಯದು ಸಂಖ್ಯೆ. ಇನ್ನೆರಡು ಸಾಲು ಕೆಳಗೆ ಹೆಸರಿನ ಪಕ್ಕ ಕಂಸದಲ್ಲಿ ಕೂತ ‘ಸಂ.’ ಸಂಪಾದಕರದು, ನಿಯತಕಾಲಿಕೆಯ ಹೆಸರಿನ ಮುಂದಿನದು ಸಂಚಿಕೆಯದು. ಒಂದೇ ಅಕ್ಷರ, ನಾಲ್ಕು ಚಾಕರಿ. ಈ ಗೋಜಲನ್ನು ತಿದ್ದಿ ಎಂದು ಲೇಖನ ಹಿಂದಿರುಗಿಸುವವರು ಅಪರೂಪ. ಪ್ರಕಟಣೆಯ ವರ್ಷ ಕಂಸದೊಳಗೆ ಇಲ್ಲ, ಎಪಿಎ ಎಂಬ ವಿದೇಶಿ ಉಲ್ಲೇಖ ಶೈಲಿಯಲ್ಲಿ ಅಲ್ಪವಿರಾಮ ತಪ್ಪಿದೆ ಎಂಬ ಕಾರಣಕ್ಕೆ ಹಿಂದಿರುಗಿಸುವವರು ಬೇಕಾದಷ್ಟು. ಕನ್ನಡ ಸಂಶೋಧನೆಯ ಉಲ್ಲೇಖ ಪದ್ಧತಿಯ ಮೇಲೆ ನನ್ನ ತಕರಾರು ಇಷ್ಟೇ: ಅಂಗಿಯ ಇಸ್ತ್ರಿ ನೋಡುತ್ತೇವೆ, ಒಳಗಿರುವವರು ಯಾರೆಂದು ಕೇಳುವುದಿಲ್ಲ.

ಮೇಲಿನ ‘ಎ.ಕ.’ವನ್ನೇ ತೆಗೆದುಕೊಳ್ಳಿ. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ತಂದ ಪರಿಷ್ಕೃತ ಮಾಲೆಯಲ್ಲಿ ಒಂಬತ್ತನೆಯದು ಬೇಲೂರು ತಾಲ್ಲೂಕಿನದು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಬಂದದ್ದು 1966ರಲ್ಲಿ. ಅದರಲ್ಲಿನ ಸಂಪುಟ ಸಂಖ್ಯೆಗಳೆಲ್ಲ ಹಳೆಯ ಮಾಲೆಯವು ಎಂಬುದು ಇಸವಿಯಿಂದಲೇ ತಿಳಿಯಬೇಕು. ಅವುಗಳನ್ನು ಹಾಗೆಯೇ ಎತ್ತಿಕೊಂಡು, ಕಪಾಟಿನಿಂದ ಹೊಸ ಸಂಪುಟ ತೆಗೆದ ವಿದ್ಯಾರ್ಥಿ ಬೆಂಗಳೂರಿನ ಶಾಸನಕ್ಕೆ ಬೇಲೂರಿನಲ್ಲಿ ತಡಕಾಡುತ್ತಾನೆ. ‘ಹಳೆಯದು’, ‘ಪರಿಷ್ಕೃತ’ ಎಂಬ ಒಂದು ಮಾತು ಸೇರಿಸಿದ್ದರೆ ಈ ಅಲೆದಾಟವೇ ಇರಲಿಲ್ಲ.

ನಮ್ಮ ಬಳ್ಳಾರಿ ಸೀಮೆಯ ಪಾಡು ಇನ್ನೂ ಬೇರೆ. ಬಳ್ಳಾರಿ ಆಗ ಮದರಾಸಿನ ಕೈಯಲ್ಲಿದ್ದುದರಿಂದ ರೈಸ್ ಇತ್ತ ಬರಲಿಲ್ಲ. ಇಲ್ಲಿನ ಕಲ್ಲುಗಳನ್ನು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ ಒಂಬತ್ತನೆಯ ಸಂಪುಟದಲ್ಲಿ (ಮತ್ತೆ ಒಂಬತ್ತು!), ಆಮೇಲೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳಲ್ಲಿ ಹುಡುಕಬೇಕು. ಜಿಲ್ಲೆಯ ಹೆಸರು ನಂಬಿ ಹೊರಟವರಿಗೆ ಹರಪನಹಳ್ಳಿಯೇ ಸಾಕು: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಮರಳಿ ಬಂತು, 2021ರಲ್ಲಿ ಹೊಸಪೇಟೆಯ ಜೊತೆ ವಿಜಯನಗರ ಜಿಲ್ಲೆ ಸೇರಿತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ರೈಸ್ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟದ್ದು ಎಷ್ಟು ದೂರದ ಆಲೋಚನೆ ಎಂಬುದು ಇಲ್ಲಿ ಕಾಣುತ್ತದೆ. ತಾಲ್ಲೂಕು, ಊರು, ಸಂಖ್ಯೆ: ಇದಕ್ಕಿಂತ ಗಟ್ಟಿಯಾದ ವಿಳಾಸವನ್ನು ಯಾವ ವಿದೇಶಿ ಶೈಲಿಯೂ ಕಲ್ಲಿಗೆ ಕೊಟ್ಟಿಲ್ಲ.

ಹಳೆಯ ಕಾವ್ಯದ ವಿಷಯದಲ್ಲೂ ಅಷ್ಟೇ. ಪಂಪನಿಗೆ ಆಶ್ವಾಸ ಮತ್ತು ಪದ್ಯ, ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯ. ಯಾರು ಅಚ್ಚು ಹಾಕಿದರೂ ಹೆಚ್ಚುಕಡಿಮೆ ಅದೇ ಜಾಗಕ್ಕೆ ಹೋಗಿ ನಿಲ್ಲುತ್ತೇವೆ. ಇಂಥ ಅಚ್ಚುಕಟ್ಟು ಕೈಯಲ್ಲಿದ್ದೂ ಈಗಿನ ಲೇಖನಗಳು ಪಂಪನನ್ನು ಯಾವುದೋ ಮರುಮುದ್ರಣದ ಇಸವಿ, ಪುಟದ ಜೊತೆ ‘ಪಂಪ, 2011’ ಎಂದು ನಮೂದಿಸುತ್ತವೆ. ಹತ್ತನೆಯ ಶತಮಾನದ ಕವಿಗೆ ಮೊನ್ನೆಯ ಹುಟ್ಟುಹಬ್ಬ.

ಹೆಸರುಗಳ ವಿಚಾರಕ್ಕೆ ಬಂದರೆ ಅಧ್ವಾನ ಜೋರು. ಕುಲನಾಮ ಮೊದಲು ಎಂಬ ನಿಯಮ ಕಲಬುರ್ಗಿಯವರಿಗೆ, ಜೋಶಿಯವರಿಗೆ ಒಪ್ಪುತ್ತದೆ. ಕೊನೆಗೆ ಮನೆತನದ ಹೆಸರು ಬರುವುದು ಧಾರವಾಡದ ಕಡೆಯ ರೂಢಿ. ಹಳೆಯ ಮೈಸೂರಿನವರಲ್ಲಿ ಇರುವುದು ಸ್ವಂತ ಹೆಸರು. ಮುಂದಿನ ಅಕ್ಷರಗಳು ಊರಿನವೋ ತಂದೆಯವೋ. ಇಂಗ್ಲಿಷ್ ಲಿಪಿಯಲ್ಲಿ ಎರಡು ತುಂಡಾದ ಚಿದಾನಂದಮೂರ್ತಿ ಕಂಪ್ಯೂಟರಿನ ಕೈಗೆ ಸಿಕ್ಕು ‘ಮೂರ್ತಿ, ಎಂ.ಸಿ.’ ಆಗುತ್ತಾರೆ. ಆ ಹೆಸರಿನವರು ಯಾರೂ ಆ ಪುಸ್ತಕ ಬರೆಯಲಿಲ್ಲ. ಇನ್ನು ‘ಎಚ್.’ ಎಂದು ಬರೆದರೆ ಅಕಾರಾದಿಯ ಆರಂಭದಲ್ಲಿ, ‘ಹೆಚ್.’ ಎಂದರೆ ತುದಿಯಲ್ಲಿ; ಒಬ್ಬರೇ ಲೇಖಕರು ಒಂದೇ ಪಟ್ಟಿಯ ಎರಡೂ ಕಡೆ ಸಿಗುತ್ತಾರೆ. ಗ್ರಂಥದ ಹೆಸರನ್ನು ಓರೆ ಅಕ್ಷರದಲ್ಲಿ ಕೊಡಬೇಕೆಂಬ ಹಟವೂ ಬೇಡ. ಕನ್ನಡ ಅಕ್ಷರವನ್ನು ಬಲವಂತವಾಗಿ ಓರೆ ಮಾಡಿದರೆ ಒತ್ತಕ್ಷರ ಪಕ್ಕದ್ದಕ್ಕೆ ತಾಗುತ್ತದೆ, ಅಷ್ಟೆ. ಎಪಿಎ ಏಳನೆಯ ಆವೃತ್ತಿ ಪ್ರಕಾಶನದ ಊರನ್ನು ಕೈಬಿಟ್ಟಿದೆ. ನಮ್ಮಲ್ಲಿ ಮೈಸೂರು, ಧಾರವಾಡ, ಬೆಂಗಳೂರು, ಹಂಪಿ ಎಲ್ಲೆಡೆಯೂ ಪ್ರಸಾರಾಂಗಗಳಿವೆ. ಬರಿದೆ ‘ಪ್ರಸಾರಾಂಗ’ ಎಂದರೆ ಯಾವ ಊರಿನ ಬಸ್ಸು ಹತ್ತಬೇಕು?

ಇವೆಲ್ಲ ತಿದ್ದಬಹುದಾದ ತಪ್ಪುಗಳು. ನನಗೆ ನಿಜವಾಗಿ ಕಿರಿಕಿರಿಯಾಗುವುದು ಮೌಖಿಕ ಆಕರದ ಗತಿ ನೋಡಿದಾಗ. ಸಂಡೂರು ತಾಲ್ಲೂಕಿನ ಬಂಡ್ರಿಯಂಥ ಊರಿಗೆ ಹೋಗಿ ಕಟ್ಟೆಯ ಮೇಲಿನ ಹಿರಿಯರ ಬಾಯಿಂದ ಊರಮ್ಮನ ಕಥೆಯನ್ನೋ ಕುಮಾರರಾಮನ ಕಥೆಯನ್ನೋ ಬರೆದುಕೊಂಡು ಬಂದ ಸಂಶೋಧಕಿ, ಎಪಿಎ ಪ್ರಕಾರ ಆ ಮಾತುಕತೆಯನ್ನು ‘ವೈಯಕ್ತಿಕ ಸಂವಹನ’ ಎಂದು ಲೇಖನದ ಒಡಲಲ್ಲಿ ಸೂಚಿಸಿದರೆ ಸಾಕು. ಓದುಗರು ಮರಳಿ ನೋಡಲಾಗದ ಆಕರವೆಂಬ ಕಾರಣಕ್ಕೆ ಕೊನೆಯ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಕಥೆ ಕೊಟ್ಟವರು ಪಟ್ಟಿಯಿಂದ ಹೊರಗೆ, ಆ ಕಥೆಯ ಬಗ್ಗೆ ನಾಲ್ಕು ಸಾಲು ಗೀಚಿದವರು ಒಳಗೆ. ನಮ್ಮ ಜಾನಪದ ಪ್ರಬಂಧಗಳಲ್ಲಿ ‘ವಕ್ತೃಗಳ ಪಟ್ಟಿ’ ಎಂಬ ಅನುಬಂಧ ಇರುತ್ತಿತ್ತು: ಹೆಸರು, ವಯಸ್ಸು, ಊರು, ಕಸುಬು. ಲೇಖನ ನಿಯತಕಾಲಿಕೆಗೆ ಬರುವಾಗ ಪುಟಮಿತಿಯ ನೆಪದಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಇದೇ ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರನ್ನು ನೆನೆಯಿರಿ. ಓದುಬರಹ ಬಾರದ ಬುರ್ರಕಥೆ ಕಲಾವಿದೆ, ಸಾವಿರಾರು ಪುಟ ತುಂಬುವಷ್ಟು ಕಾವ್ಯ ಕಂಠದಲ್ಲಿದ್ದವರು. ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು, 2014ರಲ್ಲಿ ತೀರಿಕೊಂಡರು. ಇಂಥವರು ಹಾಡಿದ ಕಾವ್ಯ ಪುಸ್ತಕವಾದಾಗ, ಲೇಖಕರ ಜಾಗ ಖಾಲಿ ಬಿಡಬಾರದೆಂಬ ನಿಯಮದಂತೆ ಸಂಪಾದಕರ ಹೆಸರು ಮುಂದೆ ಬಂದು ಕೂರುತ್ತದೆ. ಹಾಡಿದವರು ಮುನ್ನುಡಿಗೆ ಸರಿಯುತ್ತಾರೆ. ಸಂಪಾದಕರ ಶ್ರಮ ಸಣ್ಣದಲ್ಲ. ಆದರೂ ಪಟ್ಟಿಯಲ್ಲಿ ‘ಈರಮ್ಮ, ದರೋಜಿ (ಹಾಡಿದವರು)’ ಎಂದು ಮೊದಲು ಬರೆದು, ಆಮೇಲೆ ಸಂಪಾದಕರ ಹೆಸರು ಹಾಕುವುದೇ ನ್ಯಾಯ.

ಹಾಗೆಂದು ಹೊಸ ಶೈಲಿಗಳು ಬೇಡವೆನ್ನಲಾರೆ. ನಮ್ಮ ಹಳೆಯ ಪದ್ಧತಿಯೂ ಸಾಚಾ ಅಲ್ಲ. ‘ಅದೇ’, ‘ಪೂರ್ವೋಕ್ತ’ ಎಂಬ ಟಿಪ್ಪಣಿಗಳ ಹಿಂದೆ ಹಿಂದೆ ಹೋಗಿ, ಮೊದಲ ನಮೂದು ಸಿಗದೆ ಪುಸ್ತಕ ಮುಚ್ಚಿದವರು ಎಷ್ಟೋ ಮಂದಿ. ಇಸವಿಯನ್ನೇ ಹಾಕದ ಪಂಡಿತರೂ ಇದ್ದರು. ಹೇಳಿದ್ದಕ್ಕೆ ಅಲ್ಲೇ ಆಧಾರ ತೋರಿಸು ಎಂಬ ಶಿಸ್ತನ್ನು ಎಪಿಎ ಬಿಗಿಯಾಗಿ ಕಲಿಸಿದೆ, ಆ ಋಣ ಒಪ್ಪೋಣ. ಮಾನ್ಯ ನಿಯತಕಾಲಿಕೆಗಳನ್ನು ಹೆಸರಿಸುತ್ತಿದ್ದ ಯುಜಿಸಿಯ ಕೇರ್ ಪಟ್ಟಿಯಲ್ಲಿ ಹೆಸರಿರಬೇಕೆಂಬ ಒತ್ತಡದಲ್ಲಿ ಕನ್ನಡ ನಿಯತಕಾಲಿಕೆಗಳು ಇಂಗ್ಲಿಷಿನ ಅಚ್ಚನ್ನೇ ತಂದಿಟ್ಟುಕೊಂಡಿದ್ದರೆ, ಆ ಪಟ್ಟಿಯನ್ನು 2025ರಲ್ಲಿ ಯುಜಿಸಿಯೇ ಕೈಬಿಟ್ಟಿದೆ. ಇನ್ನು ಆ ಕಾರಣ ಹೇಳುವಂತಿಲ್ಲ.

ಸಂಪಾದಕ ಮಿತ್ರರಲ್ಲಿ ಒಂದು ಕೋರಿಕೆ. ಲೇಖಕರಿಗೆ ಕಳಿಸುವ ಸೂಚನೆಗಳಲ್ಲಿ ಎಪಿಎ ಎಂಬ ಮೂರಕ್ಷರ ಬರೆದು ಕೈತೊಳೆದುಕೊಳ್ಳಬೇಡಿ. ಶಾಸನಕ್ಕೆ ಮಾಲೆ, ತಾಲ್ಲೂಕು, ಸಂಖ್ಯೆ, ಕಾವ್ಯಕ್ಕೆ ಪದ್ಯಸಂಖ್ಯೆ, ವಚನಕ್ಕೆ ಯಾವ ಆವೃತ್ತಿಯ ಎಷ್ಟನೆಯ ವಚನ ಎಂಬುದು, ಲೇಖಕರಿಗೆ ಅವರೇ ಬರೆದುಕೊಂಡಂತೆ ಹೆಸರು, ವಕ್ತೃಗಳಿಗೆ, ಅವರ ಒಪ್ಪಿಗೆ ಪಡೆದು, ಪುಸ್ತಕಗಳ ಸಾಲಿನಲ್ಲೇ ಜಾಗ. ಇಷ್ಟನ್ನು ಕನ್ನಡದಲ್ಲೇ ಎರಡು ಪುಟ ಬರೆದು ಮುಂದಿನ ಸಂಚಿಕೆಯ ಹಿಂಬದಿ ಅಚ್ಚು ಹಾಕಿ. ‘ಸಂ.’ ಅನ್ನು ಮಾತ್ರ ದಯವಿಟ್ಟು ಬಿಡಿಸಿ ಬರೆಯಿರಿ.