ಶೋಕೇಸಿನಲ್ಲಿ ನಿಂತ ರೈಲು

ರೈಲಿನ ಸೊಗಸು ಇರುವುದೇ ಅದರ ಉದ್ದದಲ್ಲಿ. ಮಾದರಿ ರೈಲುಗಳನ್ನು ಕೂಡಿಡುವ ನಮ್ಮ ಹವ್ಯಾಸಿಗಳು ಮನೆಯಲ್ಲಿ ಮೊದಲು ಕತ್ತರಿ ಹಾಕುವುದೂ ಅದಕ್ಕೇ. ಟಿ.ವಿ. ಪಕ್ಕದ ಗಾಜಿನ ಶೋಕೇಸಿನಲ್ಲಿ ಖಾನೆಗೊಂದು ಎಂಜಿನ್, ಮಗ್ಗುಲಲ್ಲಿ ಮಗ ಗೆದ್ದ ಕಪ್ಪು, ಮದುವೆ ಫೋಟೊ. ಬೋಗಿಗಳೆಲ್ಲಿ ಎಂದರೆ ಅಟ್ಟದತ್ತ ಕೈ ತೋರಿಸುತ್ತಾರೆ. ಹಿಂದೆ ಒಂದೂ ಬೋಗಿಯಿಲ್ಲದೆ ನಿಂತ ಡಬ್ಲ್ಯೂಎಪಿ-7 ಎಂಜಿನ್ ನನ್ನ ಕಣ್ಣಿಗೆ ದುಬಾರಿ ಪೇಪರ್‌ವೇಟು, ಅಷ್ಟೆ.

ಜಾಗ ಸಾಲದು ಎಂಬ ಸಬೂಬು ಸುಳ್ಳಲ್ಲ. ಎಚ್‌ಒ ಅಳತೆ ಎಂದರೆ 1:87. ಸುಮಾರು 24 ಮೀಟರ್ ಉದ್ದದ ಎಲ್‌ಎಚ್‌ಬಿ ಬೋಗಿ ಈ ಅಳತೆಯಲ್ಲಿ 27-28 ಸೆಂಟಿಮೀಟರ್ ಆಗುತ್ತದೆ. 22 ಬೋಗಿ, ಮುಂದೊಂದು ಎಂಜಿನ್ ಜೋಡಿಸಿದರೆ ಆರೂಕಾಲು ಮೀಟರ್. 30x40 ಸೈಟಿನ ಮನೆಯಲ್ಲಿ ಕಿಟಕಿ, ಬಾಗಿಲು ಕಳೆದು ಅಷ್ಟು ಉದ್ದದ ಬೋಳು ಗೋಡೆ ಎಲ್ಲಿಂದ ಬರಬೇಕು? 1:160ರ ಎನ್ ಅಳತೆಯಲ್ಲಾದರೆ ಅದೇ ಗಾಡಿ ಮೂರೂವರೆ ಮೀಟರಿನೊಳಗೆ ಮುಗಿಯುತ್ತದೆ. ಗೋಡೆ ಅಳೆದು ಆಮೇಲೆ ಅಳತೆ ಆರಿಸಿಕೊಳ್ಳುವ ಜಾಣರು ಕಡಿಮೆ. ಎಚ್‌ಒ ಕೊಂಡಾಗಿದೆ ಎನ್ನುವವರು ಎಂಟು ಬೋಗಿಯ ಗಾಡಿಗೇ ತೃಪ್ತರಾಗಲಿ. ಕಣ್ಣೆತ್ತರದಲ್ಲಿ ಅಂಗೈಯಗಲದ ಒಂದೇ ಒಂದು ಉದ್ದ ಹಲಗೆ, ಅದರ ಮೇಲೆ ಹಳಿ, ಹಳಿಯ ಮೇಲೆ ಪೂರ್ತಿ ಜೋಡಿಸಿದ ಒಂದು ಗಾಡಿ: ನಾನು ಕಂಡ ಏರ್ಪಾಡುಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಮೇಜಿನ ಮೇಲಿಟ್ಟರೆ ಕಾಣುವುದು ಬರೀ ಚಾವಣಿ. ಪ್ಲಾಟ್‌ಫಾರಂನಲ್ಲಿ ನಿಂತವರಿಗೆ ರೈಲು ಹಾಗೆ ಕಾಣುವುದಿಲ್ಲ.

ಪಕ್ಕದಿಂದ ನೋಡುವುದರಲ್ಲಿ ಇನ್ನೊಂದು ಲಾಭವೂ ಇದೆ, ಸ್ವಲ್ಪ ಕಳ್ಳ ಲಾಭ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19.3 ಬರಬೇಕು, ಎಚ್‌ಒ ಹಳಿಯ ಅಗಲವೋ 16.5, ಅದು 1435 ಮಿಲಿಮೀಟರಿನ ಹಳಿಗೆ ಹೊಂದುವ ಲೆಕ್ಕ. ಹಾಗಾಗಿ ಆ ಹಳಿಗೆ ಒಗ್ಗಿಸಿದ ಭಾರತೀಯ ಎಂಜಿನ್ನನ್ನು ಎದುರಿನಿಂದ ನೋಡಿದರೆ ಗಾಲಿಗಳು ಒಳಕ್ಕೆ ಸರಿದಂತೆ ಕಾಣುತ್ತವೆ. ಮೂತಿ ಮುಂದೆ ಮಾಡಿ ಸಾಲಾಗಿ ನಿಲ್ಲಿಸುವವರು ತಮ್ಮ ಸಂಗ್ರಹದ ಕೊರತೆಯನ್ನು ತಾವೇ ಎತ್ತಿ ತೋರಿಸುತ್ತಿರುತ್ತಾರೆ.

ಇನ್ನು ಡಬ್ಬದ ಭಕ್ತರು. ಮೂಲ ಡಬ್ಬವಿದ್ದರೆ ಮಾರುವಾಗ ಬೆಲೆ ಹೆಚ್ಚು, ನಿಜ. ಆದರೆ ಒಮ್ಮೆಯೂ ಹಳಿ ಮುಟ್ಟದ ರೈಲನ್ನು ಕಾಯುವುದು ಹವ್ಯಾಸವಲ್ಲ, ದಾಸ್ತಾನು. ಆ ಡಬ್ಬವಾದರೂ ನಿರುಪದ್ರವಿಯೇ? ಹಳೆಯ ಸ್ಪಂಜು ಪುಡಿಯಾಗಿ ಬಣ್ಣಕ್ಕೆ ಅಂಟುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಆರ್‌ಸಿಸಿ ತಾರಸಿಯಡಿಯ ಅಟ್ಟ ಏಪ್ರಿಲ್‌ನಲ್ಲಿ ಕಾದು ಪ್ಲಾಸ್ಟಿಕ್ಕನ್ನು ಸೊಟ್ಟಗಾಗಿಸಬಲ್ಲದು. ಓಡಿಸದೆ ಇಟ್ಟ ಎಂಜಿನ್ನಿನಲ್ಲಿ ಗ್ರೀಸ್ ಗಟ್ಟಿಯಾಗುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಎರಕದ ಮಾದರಿಗಳದು ಬೇರೆಯೇ ಸಂಕಟ: ಸತುವಿನ ಮಿಶ್ರಲೋಹದಲ್ಲಿ ಸೀಸದ ಅಂಶ ಬೆರೆತಿದ್ದರೆ ಲೋಹ ಒಳಗಿನಿಂದಲೇ ಬಿರಿಯುತ್ತದೆ, ತೇವವಿದ್ದರೆ ಇನ್ನೂ ಬೇಗ.

ಇಡುವ ಮತ್ತು ತೋರಿಸುವ ಕಲೆ ಮೈಸೂರು ಕಡೆಯ ಮನೆಗಳಿಗೆ ಹೊಸದಲ್ಲ. ಪಟ್ಟದ ಗೊಂಬೆಗಳು ಹೊರಬರುವುದು ದಸರೆಯ ದಿನಗಳಲ್ಲಿ ಮಾತ್ರ. ಉಳಿದ ವರ್ಷವೆಲ್ಲ ಹಳೆಯ ಮೆತ್ತನೆ ಬಟ್ಟೆ ಸುತ್ತಿಕೊಂಡು ಪೆಟ್ಟಿಗೆಯಲ್ಲಿ. ತಲೆಮಾರು ದಾಟಿ ಬಂದ ಗೊಂಬೆಗಳಿರುವುದು ಈ ಶಿಸ್ತಿನಿಂದ. ಅದೇ ಮನೆಯ ಮಗ ತನ್ನ ಇಡೀ ಸಂಗ್ರಹ ಏಕಕಾಲಕ್ಕೆ ಕಾಣಲೇಬೇಕೆಂದು ಹಟ ಹಿಡಿಯುತ್ತಾನೆ, ಅದೂ ಬಿಸಿಲು ಬೀಳುವ ಕಿಟಕಿಯೆದುರು. ಕೆಂಪು ಮೊದಲು ಮಾಸುತ್ತದೆ. ತಿಂಗಳಿಗೊಂದು ಗಾಡಿ ಹಲಗೆಗೆ ಬರಲಿ, ಒಂದಷ್ಟು ಓಡಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮರಳಲಿ.

ಕೋಣೆಯನ್ನೇ ಊರಾಗಿಸುವವರ ಮಾತು ಬೇರೆ. ಗಾಯಕ ರಾಡ್ ಸ್ಟೀವರ್ಟ್ ಎರಡು ದಶಕ ಮೀರಿ ತಮ್ಮ ಮನೆಯಲ್ಲಿ ಕಟ್ಟಿದ 1940ರ ದಶಕದ ಅಮೆರಿಕನ್ ನಗರ 2019ರಲ್ಲಿ ಲೋಕಕ್ಕೆ ಕಂಡಾಗ ಜನ ಬೆರಗಾದದ್ದು ರೈಲಿಗಿಂತ ಹೆಚ್ಚಾಗಿ ಮಸಿ ಬಳಿದ ಕಟ್ಟಡಗಳಿಗೆ. ಅದು ಸಂಗ್ರಹದ ಪ್ರದರ್ಶನವಲ್ಲ, ರಂಗಸಜ್ಜಿಕೆ.

ಶೋಕೇಸಿನ ಪರವಾಗಿ ಒಂದು ಮಾತು ಒಪ್ಪುತ್ತೇನೆ: ಧೂಳು. ಬೆಂಗಳೂರಿನ ರಸ್ತೆಬದಿಯ ಮನೆಯಲ್ಲಿ ತೆರೆದ ಹಲಗೆ ವಾರದೊಳಗೆ ಬೂದು ಬಣ್ಣಕ್ಕೆ ತಿರುಗುತ್ತದೆ. ಗೇರಿನ ಹಲ್ಲುಗಳಿಗೆ ಕೂದಲು ಸುತ್ತಿಕೊಂಡರೆ ಮೋಟಾರು ನರಳುತ್ತದೆ. ಆದ್ದರಿಂದ ಹಲಗೆಗೆ ಜಾರುವ ಅಕ್ರಿಲಿಕ್ ಮುಚ್ಚಳ ಇರಲಿ, ಒಳಗೆ ತೇವ ಕಟ್ಟದಂತೆ ಎರಡೂ ತುದಿಗೆ ಬಲೆ ಹೊದಿಸಿದ ಸಣ್ಣ ಕಿಂಡಿ ಇರಲಿ. ಇಷ್ಟನ್ನು ಯಾವ ಬಡಗಿಯಾದರೂ ಮಾಡಿಕೊಡುತ್ತಾನೆ, ಶೋಕೇಸಿಗಿಂತ ಅಗ್ಗಕ್ಕೆ.